ಮೂರು ಹಳೆ ಡೀಸೆಲ್ ಕಾರು, ದಿನಕ್ಕೆ 130 ಕಿ.ಮೀ.: ನಾನೇ ಓಡಿಸಿ ನೋಡಿದ ಹೋಲಿಕೆ

ನನ್ನ ಮನೆಯಿಂದ ಕೆಲಸದ ಜಾಗಕ್ಕೆ 65 ಕಿ.ಮೀ. ಹೋಗಿ ಬಂದರೆ 130. ತಿಂಗಳಿಗೆ 25 ದಿನ ಹಿಡಿದರೆ 3,250, ವರ್ಷಕ್ಕೆ 39 ಸಾವಿರ. ಒಂದು ಕಡೆಯ 65ರಲ್ಲಿ 50 ಕಿ.ಮೀ. ಹೈವೇ, ಉಳಿದ 15 ಬರೀ ಟ್ರಾಫಿಕ್. ಇಷ್ಟು ಓಡಾಟ ಇದ್ದವರಿಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಈಗಲೂ ಒಳ್ಳೆಯ ಆಯ್ಕೆಯೇ. ಆದರೆ ಯಾವುದು ತಗೊಳ್ಳೋದು? ಅವರಿವರ ಮಾತು ಕೇಳಿ ತೀರ್ಮಾನ ಮಾಡೋದು ಬೇಡ ಅಂತ ಮೂರು ಕಾರುಗಳನ್ನು ಒಂದೊಂದು ವಾರ ನನ್ನ ದಾರಿಯಲ್ಲೇ ಓಡಿಸಿದೆ. ಮಾರುವವರಲ್ಲಿ ಇಬ್ಬರು ಪರಿಚಯದವರು, ಮೂರನೆಯವರು ಅಡ್ವಾನ್ಸ್ ಇಟ್ಟುಕೊಂಡು ಕೀ ಕೊಟ್ಟರು. ಕೇಳಿದರೆ ಕೊಡುತ್ತಾರೆ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಹಳೆ ಡೀಸೆಲ್ ಕಾರಿನ ಬಗ್ಗೆ ಏನೂ ಗೊತ್ತಾಗಲ್ಲ, ಆದ್ದರಿಂದ ಸಂಕೋಚ ಬಿಟ್ಟು ಕೇಳಿ.

ಮೈಲೇಜ್ ಅಳೆದಿದ್ದು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ. ಅದೇ ಬಂಕ್, ಅದೇ ಪಂಪ್, ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸೋದು, ಟೈರ್ ತಣ್ಣಗಿದ್ದಾಗ ಗಾಳಿ ಸರಿ ಮಾಡಿಕೊಳ್ಳೋದು. ಮೂರು ಕಾರಿನಲ್ಲೂ ಡಿಸ್‌ಪ್ಲೇ ನಿಜಕ್ಕಿಂತ ಲೀಟರ್‌ಗೆ ಒಂದರಿಂದ ಒಂದೂವರೆ ಕಿ.ಮೀ. ಜಾಸ್ತಿ ತೋರಿಸಿತು. ಹಾಗಾಗಿ ಮಾರುವವರು ಡಿಸ್‌ಪ್ಲೇ ತೋರಿಸಿ ಹೇಳುವ ಮೈಲೇಜನ್ನು ಲೆಕ್ಕಕ್ಕೆ ತಗೋಬೇಡಿ.

ಮೊದಲನೆಯದು ಸಣ್ಣ ಹ್ಯಾಚ್‌ಬ್ಯಾಕ್. ಎಂಜಿನ್ ಫಿಯಟ್‌ನ 1.3 ಮಲ್ಟಿಜೆಟ್, 1,248 ಸಿಸಿ. 2003ರಲ್ಲಿ ಬಂದ ಈ ಎಂಜಿನ್ನನ್ನು ಫಿಯಟ್ ಮಾತ್ರ ಅಲ್ಲ, ಸುಝುಕಿ, ಒಪೆಲ್, ಟಾಟಾ ಕೂಡ ತಮ್ಮ ಕಾರುಗಳಿಗೆ ಹಾಕಿದ್ದವು. ಅದಕ್ಕೇ ಇದರ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗಳು ತುಂಬಾ ಜನ. ವಾಲ್ವ್, ಪಿಸ್ಟನ್ ಒಂದೇ ತಾಳದಲ್ಲಿ ಓಡುವಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಇಷ್ಟು ಕಿ.ಮೀ.ಗೆ ಬದಲಾಯಿಸಲೇಬೇಕು ಅನ್ನುವ ತಲೆನೋವಿಲ್ಲ, ಆಯಿಲ್ ಮಾತ್ರ ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಿರಬೇಕು.

ಎರಡನೆಯದು ಸೆಡಾನ್, ರೆನೋ ಕಂಪನಿಯ 1.5 ಡಿಸಿಐ ಎಂಜಿನ್, 1,461 ಸಿಸಿ, ಆರು ಗೇರ್. ಇದೂ ಮನೆ ಮನೆ ಸುತ್ತಿದ ಎಂಜಿನ್ನೇ. ನಿಸ್ಸಾನ್, ಡಾಸಿಯಾ, ಮರ್ಸಿಡಿಸ್‌ನ ಎ-ಕ್ಲಾಸ್‌ನಲ್ಲೂ ಇತ್ತು. ಇದಕ್ಕೆ ಟೈಮಿಂಗ್ ಬೆಲ್ಟ್. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು 2 ಲೀಟರ್ ಎಂಜಿನ್ನಿನ ಆಟೊಮ್ಯಾಟಿಕ್ ಎಸ್‌ಯುವಿ. ಅದರ ಹೆಸರು ಬೇಡ, ಯಾಕೆಂದರೆ ಅದರಲ್ಲಿ ನಾನು ನೋಡಿದ ತೊಂದರೆಗೆ ಕಾರಣ ಕಾರಲ್ಲ, ಅದನ್ನು ಓಡಿಸಿದ ರೀತಿ.

ಮೈಲೇಜ್ ಹೀಗೆ ಬಂತು. ಹ್ಯಾಚ್‌ಬ್ಯಾಕ್ 22.4, ಸೆಡಾನ್ 20.8, ಎಸ್‌ಯುವಿ 14.2. ಇದನ್ನು ನೋಡಿದ ತಕ್ಷಣ ಎಲ್ಲರೂ ಹ್ಯಾಚ್‌ಬ್ಯಾಕ್ ಅಂತಾರೆ. ನಾನೂ ಅಂದುಕೊಂಡೆ. ಆಮೇಲೆ ಕೂತು ಲೀಟರ್ ಲೆಕ್ಕ ಹಾಕಿದೆ. ವರ್ಷಕ್ಕೆ 39 ಸಾವಿರ ಕಿ.ಮೀ.ಗೆ ಹ್ಯಾಚ್‌ಬ್ಯಾಕ್ ಸುಮಾರು 1,741 ಲೀಟರ್ ಕುಡಿಯುತ್ತದೆ, ಸೆಡಾನ್ 1,875, ಎಸ್‌ಯುವಿ 2,746. ಅಂದರೆ ಮೊದಲ ಎರಡರ ನಡುವೆ ವ್ಯತ್ಯಾಸ ವರ್ಷಕ್ಕೆ 134 ಲೀಟರ್, ತಿಂಗಳಿಗೆ 11 ಲೀಟರ್ ಅಷ್ಟೇ. ಆದರೆ ಆ ಎರಡರ ಮೈಲೇಜ್ ನಡುವೆ ಇರುವ 1.6ರಷ್ಟೇ ಎಸ್‌ಯುವಿಗೂ ಜಾಸ್ತಿಯಾಗಿ 15.8 ಬಂದಿದ್ದರೆ ವರ್ಷಕ್ಕೆ 270 ಲೀಟರ್‌ಗಿಂತ ಜಾಸ್ತಿ ಉಳಿಯುತ್ತಿತ್ತು. ಲೀಟರ್‌ಗೆ ಎಷ್ಟು ಕಿ.ಮೀ. ಅನ್ನುವ ಲೆಕ್ಕದಲ್ಲಿ ಈ ವಿಷಯ ಕಾಣಿಸೋದಿಲ್ಲ. 14ರಿಂದ 16ಕ್ಕೆ ಹೋಗೋದು ದೊಡ್ಡ ಉಳಿತಾಯ, 20ರಿಂದ 22ಕ್ಕೆ ಹೋಗೋದು ಅದರ ಅರ್ಧ. 100 ಕಿ.ಮೀ.ಗೆ ಎಷ್ಟು ಲೀಟರ್ ಬೇಕು ಅಂತ ತಿರುಗಿಸಿ ನೋಡಿ, ಆಗ ಸರಿಯಾಗಿ ತಿಳಿಯುತ್ತದೆ: 4.5, 4.8, 7.

ಹೀಗೆ ನೋಡಿದ ಮೇಲೆ ಎಸ್‌ಯುವಿ ಅರ್ಧ ಹೊರಗೆ ಹೋದ ಹಾಗೇ ಆಯಿತು. ಪೂರ್ತಿ ಹೊರಗೆ ಹೋಗಿದ್ದು ಮೂರನೇ ದಿನ ಬೆಳಗ್ಗೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದಾಗ. ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು, ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಇದು ಯಾಕಾಗುತ್ತದೆ ಅಂದರೆ, ಹೊಸ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ, ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡಬೇಕು. ಆ ಬಿಸಿಗಾಗಿ ಎಂಜಿನ್ ಸ್ವಲ್ಪ ಡೀಸೆಲ್ಲನ್ನು ಬೇಕಂತಲೇ ತಡವಾಗಿ ಸಿಂಪಡಿಸುತ್ತದೆ. ಹೈವೇಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಈ ಕೆಲಸ ಮುಗಿದುಹೋಗುತ್ತದೆ, ಓಡಿಸುವವರಿಗೆ ಗೊತ್ತೂ ಆಗಲ್ಲ. ಆದರೆ ದಿನಾ ನಾಲ್ಕೈದು ಕಿ.ಮೀ. ಹೋಗಿ ಆಫ್ ಮಾಡಿದರೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ, ಆ ತಡವಾಗಿ ಬಿದ್ದ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಟರ್ಬೊ, ಬೇರಿಂಗ್ ಎಲ್ಲಕ್ಕೂ ಏಟು. ಆ ಕಾರನ್ನು ಮಕ್ಕಳನ್ನು ಶಾಲೆಗೆ ಬಿಡೋದಕ್ಕೆ ಮಾತ್ರ ಬಳಸುತ್ತಿದ್ದರಂತೆ. ಓಡಿರೋದು ಬರೀ 61 ಸಾವಿರ ಅಂತ ಮಾರುವವರು ಹೆಮ್ಮೆಯಿಂದ ಹೇಳಿದ್ದರು. ಅಷ್ಟು ಕಡಿಮೆ ಓಡಿದ್ದೇ ಅದಕ್ಕೆ ಕೆಟ್ಟದಾಗಿತ್ತು.

ಅಲ್ಲಿಂದ ನಾನು ಓಡೋಮೀಟರ್ ನೋಡುವ ರೀತಿಯೇ ಬದಲಾಯಿತು.

ಹ್ಯಾಚ್‌ಬ್ಯಾಕ್‌ಗೆ 10 ವರ್ಷ, ಓಡಿದ್ದು 74 ಸಾವಿರ. ಸೆಡಾನ್‌ಗೆ 6 ವರ್ಷ, ಓಡಿದ್ದು 1 ಲಕ್ಷ 68 ಸಾವಿರ. ಯಾರನ್ನೇ ಕೇಳಿದರೂ 74 ಸಾವಿರದ್ದು ತಗೋ ಅಂತಾರೆ, ಅಲ್ವಾ? ಆದರೆ ಒಂದು ಲೆಕ್ಕ ಹಾಕಿ. ಹ್ಯಾಚ್‌ಬ್ಯಾಕ್ ಓಡಿದ್ದು ಊರೊಳಗೆ, ಒಂದು ಸಲಕ್ಕೆ ಸುಮಾರು 10 ಕಿ.ಮೀ. ಅಂದರೆ ಏಳು ಸಾವಿರಕ್ಕೂ ಜಾಸ್ತಿ ಸಲ ಎಂಜಿನ್ ಸ್ಟಾರ್ಟ್ ಆಗಿದೆ. ಸೆಡಾನ್ ಮಾಲೀಕರೂ ನನ್ನ ಥರದವರೇ, ಒಂದು ಕಡೆಗೆ 60 ಕಿ.ಮೀ. ಹೈವೇಯಲ್ಲಿ ಹೋಗುತ್ತಿದ್ದವರು. ಅದು ಸ್ಟಾರ್ಟ್ ಆಗಿದ್ದು ಮೂರು ಸಾವಿರಕ್ಕಿಂತ ಕಡಿಮೆ ಸಲ. ಎಂಜಿನ್ ಸವೆಯೋದು ಹೆಚ್ಚಾಗಿ ತಣ್ಣಗಿರುವಾಗ, ಆಯಿಲ್ ಇನ್ನೂ ಎಲ್ಲ ಕಡೆ ಹೋಗಿಲ್ಲದಿರುವಾಗ. ಕ್ಲಚ್ ಸವೆಯೋದು ಟ್ರಾಫಿಕ್ಕಿನಲ್ಲಿ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟೋದು ನಿಧಾನ ಓಡಾಟದಲ್ಲಿ. ಓಡಿಸಿ ನೋಡಿದಾಗಲೂ ಇದೇ ಕಾಣಿಸಿತು: ಹ್ಯಾಚ್‌ಬ್ಯಾಕ್‌ನ ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಹಿಡಿಯುತ್ತಿತ್ತು, 1 ಲಕ್ಷ 68 ಸಾವಿರ ಓಡಿದ ಸೆಡಾನ್‌ನದು ನಡುವಿನಲ್ಲೇ ಗಟ್ಟಿಯಾಗಿ ಹಿಡಿಯುತ್ತಿತ್ತು.

ಮೀಟರ್ ತಿರುಗಿಸಿದ್ದಾರಾ ಅನ್ನುವ ಅನುಮಾನ ಇದ್ದರೆ ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. 40 ಸಾವಿರ ಓಡಿದೆ ಅನ್ನುವ ಕಾರಿಗೆ ಆಗಲೇ ಎರಡನೇ ಸೆಟ್ ಟೈರ್ ಬಂದಿದ್ದರೆ ಯಾಕೆ ಅಂತ ಕೇಳಬೇಕು.

ಈಗ ಓಡಿಸುವ ಅನುಭವ. ಹ್ಯಾಚ್‌ಬ್ಯಾಕ್ ಟ್ರಾಫಿಕ್ಕಿನಲ್ಲಿ ಖುಷಿ ಕೊಡುತ್ತದೆ. ಸಣ್ಣದು, ಹಗುರ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಸುಮಾರು 1,800 ಆರ್‌ಪಿಎಂ ದಾಟಿದ ಮೇಲೆ ಟರ್ಬೊ ಎದ್ದು ಎಳೆಯುತ್ತದೆ, ಅದಕ್ಕಿಂತ ಕೆಳಗೆ ಗೇರ್ ಇಳಿಸಬೇಕು. ಸಣ್ಣ ಎಂಜಿನ್‌ಗೆ ಟರ್ಬೊ ಸೇರಿಸಿದರೆ ಬರುವ ಗುಣ ಇದು, ಎರಡು ದಿನಕ್ಕೆ ಕೈ ಒಗ್ಗುತ್ತದೆ. ನನಗೆ ಕಷ್ಟವಾಗಿದ್ದು ಹೈವೇ. ದೊಡ್ಡ ಬಸ್ಸು, ಲಾರಿ ಪಕ್ಕದಲ್ಲಿ ಹೋದರೆ ಕಾರು ಸ್ವಲ್ಪ ಜರುಗುತ್ತದೆ, ಟೈರಿನ ಸದ್ದು ಒಳಗೆ ಬರುತ್ತದೆ, ಸೀಟು ತೊಡೆಗೆ ಆಸರೆ ಕೊಡೋದಿಲ್ಲ. ಮೊದಲ ದಿನ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ನಾಲ್ಕನೇ ದಿನ ಸಂಜೆ ಮನೆಗೆ ಬಂದು ಇಳಿದಾಗ ಸೊಂಟ ಹಿಡಿದುಕೊಂಡಿತ್ತು. ಅದೇ ದಾರಿ, ಅದೇ ಹೊತ್ತು, ಸೆಡಾನ್‌ನಲ್ಲಿ ಐದನೇ ದಿನವೂ ಹಾಗಾಗಲಿಲ್ಲ. ಆರನೇ ಗೇರ್‌ನಲ್ಲಿ ಎಂಜಿನ್ ಸದ್ದು ತಗ್ಗುತ್ತದೆ, ಕಾರು ರಸ್ತೆಗೆ ಅಂಟಿಕೊಂಡ ಹಾಗೆ ಹೋಗುತ್ತದೆ. ದಿನಕ್ಕೆ ಎರಡೂವರೆ, ಮೂರು ಗಂಟೆ ಆ ಸೀಟಿನಲ್ಲಿ ಕೂರುವವರು ನೀವು. ತಿಂಗಳಿಗೆ 11 ಲೀಟರ್ ಉಳಿಸೋದಕ್ಕೆ ಸೊಂಟ ಕೊಡಬೇಡಿ ಅಂತ ನಾನು ಖಂಡಿತ ಹೇಳುತ್ತೇನೆ.

ಹಾಗಂತ ಸೆಡಾನ್ ವಿಷಯದಲ್ಲಿ ಎಲ್ಲವೂ ಸುಲಭ ಇರಲಿಲ್ಲ. ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೇವೆ ಅಂತ ಮಾಲೀಕರು ಹೇಳಿದರು, ಬೇರೆಲ್ಲ ಬಿಲ್ಲುಗಳೂ ಫೈಲಿನಲ್ಲಿ ತಾರೀಖಿನ ಪ್ರಕಾರ ಇದ್ದವು, ಬೆಲ್ಟ್‌ನದು ಮಾತ್ರ ಸಿಗಲಿಲ್ಲ. ಬಿಲ್ ಇಲ್ಲದ ಬೆಲ್ಟ್ ಅಂದರೆ ಬದಲಾಯಿಸದ ಬೆಲ್ಟ್ ಅಂತಲೇ ತಿಳಿಯಬೇಕು. ಓಡುವಾಗ ಅದು ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ ಬಿಚ್ಚುವ ಕೆಲಸ. ನಾನು ಆ ಖರ್ಚನ್ನು ಬೆಲೆಯಲ್ಲೇ ಕಡಿಮೆ ಮಾಡಿಸಿಕೊಂಡು, ತಗೊಂಡ ವಾರವೇ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿಸಿದೆ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗೋದು ಆ ಬೆಲ್ಟ್‌ನಿಂದಲೇ. ಬರೀ ಬೆಲ್ಟ್ ಹಾಕಿಸಿ ಪಂಪ್ ಬಿಟ್ಟರೆ, ನಾಳೆ ಪಂಪ್ ಸೋರಿದಾಗ ಅದೇ ಕೂಲಿ ಎರಡನೇ ಸಲ ಕೊಡಬೇಕು.

ಕೊಳ್ಳುವ ಮುಂಚೆ ಮಾಡಿದ ಪರೀಕ್ಷೆಗಳಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಬೆಳಗಿನ ಸ್ಟಾರ್ಟ್. ಮಾರುವವರಿಗೆ ಮೊದಲೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಮೇಲೆ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಿಸಿ ಎಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ, ತಣ್ಣಗಿದ್ದಾಗಲೇ ಸ್ಟಾರ್ಟ್‌ಗೆ ಬಿಸಿ ಕೊಡುವ ಗ್ಲೋ ಪ್ಲಗ್, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ಕಂಪ್ರೆಷನ್ ಬಗ್ಗೆ ನಿಜ ಗೊತ್ತಾಗೋದು. ಹೊಗೆ ನೋಡಿ: ನೀಲಿ ಅಂದರೆ ಆಯಿಲ್ ಸುಡುತ್ತಿದೆ, ಕಪ್ಪು ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ದೂರ ಇರಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಹೊಗೆ ಬುಸು ಬುಸು ಅಂತ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ಆಫ್ ಮಾಡುವಾಗ ಗಿಯರ್‌ಬಾಕ್ಸ್ ಕಡೆಯಿಂದ ಗಡಗಡ ಸದ್ದು ಬಂದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಗ್ಗಿಸುವ, ಕ್ಲಚ್ ಪಕ್ಕದ ಭಾರದ ಚಕ್ರ) ಹೋಗುವ ಹಂತದಲ್ಲಿರಬಹುದು, ಅದು ಕ್ಲಚ್‌ಗಿಂತ ದೊಡ್ಡ ಖರ್ಚು. ಇಂಜೆಕ್ಟರ್‌ಗಳಿಗೆ ರಿಟರ್ನ್ ಟೆಸ್ಟ್ ಮಾಡಿಸಿ, ನಾಲ್ಕು ಸಣ್ಣ ಬಾಟಲಿಯಲ್ಲಿ ವಾಪಸ್ ಬರುವ ಡೀಸೆಲ್ ಹಿಡಿದು ಹೋಲಿಸುತ್ತಾರೆ, ಒಂದರಲ್ಲಿ ಮಾತ್ರ ಜಾಸ್ತಿ ಬಂದರೆ ಆ ಇಂಜೆಕ್ಟರ್ ಸವೆದಿದೆ. ಅರ್ಧ ಗಂಟೆ ಕೆಲಸ, ದಯವಿಟ್ಟು ಬಿಡಬೇಡಿ.

ವೇಗದ ಬಗ್ಗೆಯೂ ಒಂದು ಮಾತು. ಕೊಂಡ ಮೇಲೆ ಸೆಡಾನ್‌ನಲ್ಲಿ ಒಂದು ಟ್ಯಾಂಕ್ ಪೂರ್ತಿ ಹೈವೇಯಲ್ಲಿ 80-85ರಲ್ಲಿ ಓಡಿಸಿದೆ, ಇನ್ನೊಂದು ಟ್ಯಾಂಕ್ 100ರಲ್ಲಿ. ಮೊದಲನೆಯದಕ್ಕೆ 22.6 ಬಂತು, ಎರಡನೆಯದಕ್ಕೆ 19.7. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟು ದಾಟುತ್ತದೆ. 50 ಕಿ.ಮೀ. ಹೈವೇಯಲ್ಲಿ ಇದರಿಂದ ಉಳಿಯೋದು ಏಳೂವರೆ ನಿಮಿಷ. ಅಂದರೆ ನಾನು ಇಷ್ಟು ತಲೆ ಕೆಡಿಸಿಕೊಂಡ ಹ್ಯಾಚ್‌ಬ್ಯಾಕ್-ಸೆಡಾನ್ ವ್ಯತ್ಯಾಸಕ್ಕಿಂತ ನನ್ನ ಬಲಗಾಲು ಮಾಡುವ ವ್ಯತ್ಯಾಸವೇ ದೊಡ್ಡದು.

ನಿಮ್ಮ ದಾರಿಯಲ್ಲಿ ಮುಕ್ಕಾಲು ಪಾಲು ಟ್ರಾಫಿಕ್ ಇದ್ದರೆ, ಒಟ್ಟು ದಿನಕ್ಕೆ 50-60 ಕಿ.ಮೀ. ಇದ್ದರೆ, ಆ 1.3 ಹ್ಯಾಚ್‌ಬ್ಯಾಕ್ ಧೈರ್ಯವಾಗಿ ತಗೊಳ್ಳಿ, ಕ್ಲಚ್ ಖರ್ಚು ಮೊದಲೇ ಲೆಕ್ಕ ಹಿಡಿಯಿರಿ. ದಿನಕ್ಕೆ 20 ಕಿ.ಮೀ. ಒಳಗಿದ್ದರೆ ಡೀಸೆಲ್ಲೇ ಬೇಡ, ಅದರಲ್ಲೂ ಡಿಪಿಎಫ್ ಇರುವುದು ಬೇಡವೇ ಬೇಡ, ಒಂದು ಒಳ್ಳೆಯ ಪೆಟ್ರೋಲ್ ಕಾರು ನೋಡಿ. ಹಳೆ ಡೀಸೆಲ್ ಕಾರುಗಳಿಗೆ ನಿಮ್ಮ ಊರಲ್ಲಿ ವಯಸ್ಸಿನ ಮಿತಿ ಏನಾದರೂ ಇದೆಯಾ ಅಂತಲೂ ಕೊಳ್ಳುವ ಮೊದಲೇ ವಿಚಾರಿಸಿ.

ಸೆಡಾನ್ ತಗೊಂಡು 14 ತಿಂಗಳಾಯಿತು, 45 ಸಾವಿರ ಕಿ.ಮೀ. ಓಡಿಸಿದ್ದೇನೆ, ಮೀಟರ್ 2 ಲಕ್ಷ 13 ಸಾವಿರಕ್ಕೆ ಬಂದಿದೆ. ಸರಾಸರಿ ಮೈಲೇಜ್ 21.1. ಪ್ರತಿ 10 ಸಾವಿರಕ್ಕೆ ಆಯಿಲ್ ಬದಲಾಯಿಸುತ್ತೇನೆ, ನನ್ನ ಓಡಾಟಕ್ಕೆ ಅದು ಮೂರು ತಿಂಗಳಿಗೊಮ್ಮೆ ಬರುತ್ತದೆ, ಡೀಸೆಲ್ ಫಿಲ್ಟರ್‌ನಿಂದ ನೀರನ್ನೂ ಆಗಲೇ ತೆಗೆಸುತ್ತೇನೆ. ಇದುವರೆಗೆ ಹೊಸದಾಗಿ ಹಾಕಿಸಿದ್ದು ಮುಂದಿನ ಎರಡು ಟೈರ್, ಬ್ರೇಕ್ ಪ್ಯಾಡ್. ಕ್ಲಚ್ ಇನ್ನೂ ಹಳೆಯದೇ. ಈಚೆಗೆ ಸ್ವಲ್ಪ ಮೇಲೆ ಬಂದು ಹಿಡಿಯುತ್ತಿದೆ, ಮುಂದಿನ ಸರ್ವಿಸ್‌ನಲ್ಲಿ ಬಿಚ್ಚಿಸಿ, ಫ್ಲೈವೀಲ್ ಹೇಗಿದೆ ಅಂತಲೂ ಆಗಲೇ ನೋಡಿಸಬೇಕು.