ಹಿನ್ನೀರಿನಾಚೆಯ ನಮ್ಮ ಉಪಕೇಂದ್ರ: ಐದಕ್ಕೆ ನಾಲ್ಕು ನಕ್ಷತ್ರ

ಸಾಗರ ತಾಲ್ಲೂಕಿನ ತುಮರಿ ಕಡೆಯ ನಮ್ಮೂರಿನ ಆರೋಗ್ಯ ಉಪಕೇಂದ್ರದ ಬೋರ್ಡಿನಲ್ಲಿ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ. ಒಳಗೆ ಡಾಕ್ಟರ್ ಇಲ್ಲ. ಒಬ್ಬರು ಸಮುದಾಯ ಆರೋಗ್ಯ ಅಧಿಕಾರಿ, ನಾವೆಲ್ಲ ಸಿಸ್ಟರ್ ಅಂತಲೇ ಕರೆಯೋದು. ಜೊತೆಗೆ ಮನೆಮನೆ ತಿರುಗುವ ಆಶಾ ಅಕ್ಕ. ಅತ್ತೆಯ ಬಿಪಿ, ಶುಗರ್ ಎರಡನ್ನೂ ಇವರ ಕೈಗೆ ಒಪ್ಪಿಸಿ ನಾನು ನಿಶ್ಚಿಂತೆಯಿಂದ ತೋಟಕ್ಕೆ ಹೋಗುತ್ತೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಭಾಗ ಶರಾವತಿಯ ಆಚೆ ಉಳಿಯಿತು. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಸಾಗರ ಪೇಟೆ ದೂರವೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಕಷ್ಟ ತೀರಿತು. ಆದರೆ ಆರಿದ್ರಾ, ಪುನರ್ವಸು ಮಳೆಯಲ್ಲಿ ಆ ಸೇತುವೆವರೆಗೆ ಹೋಗೋದೇ ಒಂದು ಕೆಲಸ. ಧರೆ ಜರಿಯುತ್ತದೆ, ಮರ ಅಡ್ಡ ಬೀಳುತ್ತದೆ, ಹಳ್ಳ ಏರಿದರೆ ಕಾಲುಸಂಕ ಕಾಣುವುದಿಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಸತ್ತರೆ 108ಕ್ಕೆ ಫೋನ್ ಮಾಡುವುದಾದರೂ ಎಲ್ಲಿಂದ?

ಅದಕ್ಕೇ ಇವರು ಮೇ ತಿಂಗಳಲ್ಲೇ ಕೆಲಸ ಶುರು ಮಾಡುತ್ತಾರೆ. ನಾವು ಸೌದೆ ಒಟ್ಟಿ, ಹಪ್ಪಳ ಒಣಗಿಸುವ ಹೊತ್ತಿಗೆ ಆಶಾ ಅಕ್ಕ ಪುಸ್ತಕ ಹಿಡಿದು ಬರುತ್ತಾರೆ. ಯಾರಿಗೆ ದಿನದ ಮಾತ್ರೆ, ಯಾರ ಮನೆಗೆ ಹಳ್ಳ ದಾಟಿ ಹೋಗಬೇಕು, ಯಾರ ಹೆರಿಗೆ ಮಳೆಯೊಳಗೆ ಬರುತ್ತದೆ, ಎಲ್ಲವೂ ಅದರಲ್ಲಿ. ಪಕ್ಕದ ಮನೆಯ ಬಸುರಿ ಹುಡುಗಿಯನ್ನು ದಿನ ತುಂಬುವ ಮೊದಲೇ ಸಾಗರದ ನೆಂಟರ ಮನೆಗೆ ಕಳಿಸಿ ಅಂತ ಅವಳ ಅತ್ತೆಯನ್ನು ಒಪ್ಪಿಸಿದ್ದು ಇವರೇ. ತಾಲ್ಲೂಕು ಆಸ್ಪತ್ರೆಗೂ ಮೊದಲೇ ಹೇಳಿಟ್ಟಿದ್ದರು. ಅವಳು ಹೋದಾಗ ತಾಯಿ ಕಾರ್ಡು ನೋಡಿದವರಿಗೆ ಹೊಸದಾಗಿ ಏನೂ ಕೇಳಬೇಕಾಗಲಿಲ್ಲ.

ಅತ್ತೆಯ ಮಾತ್ರೆಯನ್ನು ಮಳೆ ಹಿಡಿಯುವ ಮೊದಲೇ ಹೆಚ್ಚಿಗೆ ಕೊಟ್ಟರು. ಇನ್ಸುಲಿನ್ನಿನದು ನನಗೆ ದೊಡ್ಡ ಚಿಂತೆಯಾಗಿತ್ತು, ಫ್ರಿಜ್ ಇದ್ದರೂ ಕರೆಂಟ್ ಇರಬೇಕಲ್ಲ. ಸಿಸ್ಟರ್ ಕೂರಿಸಿಕೊಂಡು ಹೇಳಿದರು: "ಸೀಲ್ ಒಡೆದ ಬಾಟ್ಲಿ ತಂಪು ಜಾಗದಲ್ಲಿ ಹೊರಗಿದ್ರೂ ಸುಮಾರು ನಾಲ್ಕು ವಾರ ಆಗತ್ತೆ ಅಕ್ಕ, ಒಲೆ ಹತ್ರ ಇಡಬೇಡಿ. ಒಡೆಯದೇ ಇರೋದನ್ನ ನಮ್ಮ ಫ್ರಿಜ್ಜಲ್ಲಿ ಇಡ್ತೀನಿ, ಬೇಕಾದಾಗ ಒಯ್ಯಿರಿ."

ಇನ್ನೊಂದು ಸಂಗತಿ ಹೇಳಲೇಬೇಕು. ಅತ್ತೆಯನ್ನು ಒಮ್ಮೆ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಬರುವಾಗ ಹೊಸ ಚೀಟಿ ಕೊಟ್ಟರು, ಹಳೆಯ ಮಾತ್ರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅವರು ಎದ್ದು ನಿಂತರೆ ತಲೆ ಸುತ್ತು. ಸಿಸ್ಟರ್ ಎಲ್ಲ ಶೀಟುಗಳನ್ನೂ ಮೇಜಿನ ಮೇಲೆ ಹರಡಿ, ಹಿಂದಿನ ಸಣ್ಣ ಅಕ್ಷರ ಓದಿದರು. ಬೇರೆ ಬೇರೆ ಹೆಸರಿನ ಎರಡೂ ಒಂದೇ ಬಿಪಿ ಮಾತ್ರೆ, ಅಮ್ಲೋಡಿಪಿನ್! ಆಗಲೇ ದೂರದ ಡಾಕ್ಟರನ್ನು ವಿಡಿಯೋದಲ್ಲಿ ಕಾಣಿಸುವ ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಮಾತಾಡಿಸಿ ಒಂದನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಆಗದ ಕೆಲಸ ಇಲ್ಲಿ ಒಂದು ಮೇಜಿನ ಮೇಲೆ ಆಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಬಿಡುಗಡೆ ಚೀಟಿಯ ಒಂದು ಪ್ರತಿ ಊರಿನ ಉಪಕೇಂದ್ರಕ್ಕೆ ಬರುವ ಹಾಗೆ ಮಾಡುವುದು ಅಷ್ಟು ಕಷ್ಟವೇ?

ಮಳೆ ಮುಗಿದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ನಮ್ಮದೇ ಜಿಲ್ಲೆಯದು. 2019ರ ಬೇಸಿಗೆಯಲ್ಲಿ ಇದೇ ತಾಲ್ಲೂಕಿನ ಅರಳಗೋಡು ಊರು ಈ ಕಾಯಿಲೆಯಿಂದ ಪಟ್ಟ ಪಾಡನ್ನು ನಾವು ಯಾರೂ ಮರೆತಿಲ್ಲ. ಹಾಗಾಗಿ ಕಾಡಿನಿಂದ ದರಗು (ಒಣ ಎಲೆ) ತರುವವರಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ ಆಶಾ ಅಕ್ಕ ಉಣುಗು ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತಾರೆ, ಮಂಗ ಸತ್ತು ಬಿದ್ದರೆ ಮುಟ್ಟದೆ ತಿಳಿಸಿ ಅನ್ನುತ್ತಾರೆ. ಜ್ವರ, ಮೈಕೈ ನೋವು ಅಂತ ಹೋದರೆ ಕಾಡಿಗೆ ಹೋಗಿದ್ದಿರಾ ಅನ್ನೋದೇ ಮೊದಲ ಪ್ರಶ್ನೆ. ಈ ರೋಗಕ್ಕೇ ಅಂತ ಔಷಧಿ ಇಲ್ಲ, ಬೇಗ ಗೊತ್ತಾಗಿ ಆಸ್ಪತ್ರೆ ಸೇರಿ ಆರೈಕೆ ಪಡೆಯಬೇಕು. ಒಮ್ಮೆ ಬಿಟ್ಟ ಜ್ವರ ಮತ್ತೆ ಬರಬಹುದು ಅಂತ ಅವರು ಗುಣವಾದವರ ಮನೆಗೂ ಹೋಗಿ ವಿಚಾರಿಸುತ್ತಾರೆ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಸಿಸ್ಟರಿಗಲ್ಲ, ವ್ಯವಸ್ಥೆಗೆ. ಇ-ಸಂಜೀವಿನಿಯ ಡಾಕ್ಟರ್ ಕಾಣಲು ನೆಟ್‌ವರ್ಕ್ ಬೇಕು, ಅದು ತೀರಾ ಬೇಕಾದ ಜುಲೈ ತಿಂಗಳಲ್ಲೇ ಸಿಗುವುದಿಲ್ಲ. ಗಟ್ಟಿ ಬ್ಯಾಟರಿ ಮತ್ತು ಟವರ್ ಬಿದ್ದಾಗಲೂ ಸಾಗರಕ್ಕೆ ಮಾತಾಡುವ ಒಂದು ದಾರಿ, ಇವೆರಡನ್ನು ಕೊಟ್ಟರೆ ಆ ನಕ್ಷತ್ರವನ್ನೂ ಸಂತೋಷದಿಂದ ಕೊಡುತ್ತೇನೆ. ಸಿಸ್ಟರ್ ರಜೆ ಹಾಕಿದ ದಿನ ಬದಲಿಗೆ ಬಂದವರಿಗೆ ಆ ಪುಸ್ತಕ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ, ಅದೂ ಸರಿಯಾಗಬೇಕು.

ಹೊಸದಾಗಿ ಹೋಗುವವರು ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಅವರು ಮನೆ ಭೇಟಿಗೆ ಹೊರಟಿರುತ್ತಾರೆ. ಹಳೆಯ ಚೀಟಿಯ ಜೊತೆ ಈಗ ನುಂಗುತ್ತಿರುವ ಮಾತ್ರೆಗಳ ಶೀಟುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.