ಮೈಸೂರು ಚಿತ್ರ ಕೊಳ್ಳುವವರು ಚಿನ್ನಕ್ಕಿಂತ ಮೊದಲು ಗೆರೆ ನೋಡಿ

ಮೈಸೂರು ಸಾಂಪ್ರದಾಯಿಕ ಚಿತ್ರ ಎಂಬ ಹೆಸರಿನಲ್ಲಿ ಮೂರು ಬಗೆಯ ಮಾಲು ಮಾರಾಟವಾಗುತ್ತದೆ. ಪೂರ್ತಿ ಕೈಯಲ್ಲೇ ಬರೆದು ಅಸಲಿ ಚಿನ್ನದ ರೇಕು ಹಚ್ಚಿದ್ದು ಒಂದು. ಕೈಯಲ್ಲಿ ಬರೆದರೂ ನಕಲಿ ರೇಕು ಹಾಕಿದ್ದು ಇನ್ನೊಂದು. ಅಚ್ಚು ಹಾಕಿದ ಚಿತ್ರದ ಒಡವೆ, ಪ್ರಭಾವಳಿಗಳ ಮೇಲಷ್ಟೇ ಉಬ್ಬುಗೆಲಸ ಮಾಡಿದ್ದು ಮತ್ತೊಂದು. ದೊಡ್ಡ ಮೊತ್ತ ಕೊಡುವುದಾದರೆ ಮೊದಲನೆಯದಕ್ಕೇ ಕೊಡಿ. ಮೂರನೆಯದು ಎಷ್ಟು ಅಗ್ಗವಾದರೂ ಬೇಡ.

ಈ ಶೈಲಿಯ ಜೀವ ತೆಳುವಾದ ಜೆಸ್ಸೋ ಕೆಲಸದಲ್ಲಿ, ಅಂದರೆ ಲೇಪ ಹಚ್ಚಿ ಮಾಡುವ ಉಬ್ಬುಗೆಲಸದಲ್ಲಿದೆ. ಹಳೆಯ ಪದ್ಧತಿಯಲ್ಲಿ ಸೀಸದ ಬಿಳಿ ಪುಡಿ, ಅಂದರೆ ಸಫೇದ, ಅದಕ್ಕೆ ಮಕ್ಕಿ ಎಂಬ ಹಳದಿ ಮರದ ರಾಳ ಮತ್ತು ಅಂಟು ಸೇರಿಸಿ ಅರೆದು, ಒಡವೆಯ ಒಂದೊಂದು ಮಣಿಯನ್ನೂ ಕುಂಚದ ತುದಿಯಿಂದ ಎತ್ತರಿಸುತ್ತಾರೆ. ಮೇಲೆ ರೇಕು ಕೂರಿಸಿ, ಒಣಗಿದ ನಂತರ ತೆಳುಕಾಗದ ಮುಚ್ಚಿ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರು ಚಿತ್ರದ ಉಬ್ಬು ದಪ್ಪ, ಅದರಲ್ಲಿ ಗಾಜಿನ ಹರಳೂ ಇರುತ್ತದೆ. ಆ ದಪ್ಪ ಮೈಸೂರು ಚಿತ್ರದಲ್ಲಿ ಕಂಡರೆ ಅನುಮಾನಿಸಿ. ದಪ್ಪಗೆ ಹಚ್ಚಿದ ಪದರದ ಮೇಲ್ಭಾಗ ಮೊದಲು ಒಣಗಿ, ಒಳಭಾಗ ಆಮೇಲೆ ಕುಗ್ಗುವುದರಿಂದ ಕೂದಲೆಳೆಯಂಥ ಬಿರುಕು ಬರುತ್ತದೆ. ಹಿಂದಿನ ರಟ್ಟು ತೆಳುವಾಗಿದ್ದು ಬಾಗಿದರಂತೂ ಚಕ್ಕೆಯೇ ಏಳುತ್ತದೆ.

ಅಂಗಡಿಯಲ್ಲಿ ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಉಬ್ಬಿನ ನೆರಳು ಸಣ್ಣದಾಗಿ, ಒಂದೇ ಸಮ ಬೀಳಬೇಕು. ಭೂತಗನ್ನಡಿಯಲ್ಲಿ ಮುಖ ನೋಡಿ: ಬಣ್ಣದ ಚುಕ್ಕಿಗಳು ಸಾಲಾಗಿ ಕಂಡರೆ ಅದು ಅಚ್ಚು. ಕಣ್ಣರೆಪ್ಪೆ, ಬೆರಳು, ಸೆರಗಿನ ಅಂಚು, ಈ ಮೂರು ಕಡೆ ಗೆರೆ ನಡುಗದೆ ಸಣ್ಣಗಾಗುತ್ತಾ ಮುಗಿದಿದ್ದರೆ ಕೈ ಪಳಗಿದ್ದು ಎಂದು ನಂಬಬಹುದು. ನಕಲಿ ರೇಕಿನಲ್ಲಿ ತಾಮ್ರ, ಸತು ಇರುತ್ತದೆ. ಗಾಳಿ, ತೇವ ತಾಗಿ ಅದು ಕಂದುತ್ತದೆ, ಅಂಚಿನಲ್ಲಿ ಹಸಿರೂ ಕಟ್ಟುತ್ತದೆ. ಚಿನ್ನ ಹಾಗಾಗುವುದಿಲ್ಲ. ಯಾವ ರೇಕು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವವರಲ್ಲಿ ಕೊಳ್ಳಬೇಡಿ.

ಕೊಳ್ಳುವ ಮುಂಚೆ ಕಣ್ಣು ಪಳಗಬೇಕು. ಅದಕ್ಕೆ 1861ರ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗಿಂತ ಒಳ್ಳೆಯ ಜಾಗ ಮೈಸೂರಿನಲ್ಲಿಲ್ಲ. ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೋಗಿ. ಜನ ನೇರ ರವಿವರ್ಮನ ಚಿತ್ರಗಳಿಗೂ ಕಲಾವಿದ ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರಕ್ಕೂ ಧಾವಿಸುತ್ತಾರೆ. ಅವು ನೋಡಲೇಬೇಕಾದವೇ, ಆದರೆ ಮೈಸೂರು ಶೈಲಿಯ ಗೋಡೆ ಚಿತ್ರಗಳ ಮುಂದೆಯೂ ಅಷ್ಟೇ ಹೊತ್ತು ನಿಲ್ಲಿ. ಅಲ್ಲಿನ ಗೆರೆ ನೋಡಿದ ಮೇಲೆ ಅಂಗಡಿಯ ಅವಸರದ ಕೆಲಸ ತಾನಾಗಿ ಕಣ್ಣಿಗೆ ಚುಚ್ಚುತ್ತದೆ. ಕಲಾವಿದರನ್ನೇ ಕಂಡು ಕೇಳಬೇಕೆಂದರೆ ಮೈಸೂರಿನ ಹೆಬ್ಬಾಳದಲ್ಲಿರುವ ಕರಕುಶಲ ಮಾರುಕಟ್ಟೆ ಅರ್ಬನ್ ಹಾತ್‌ನಲ್ಲಿ ಮೇಳ ನಡೆಯುವಾಗ ಹೋಗಿ.

ಅಳತೆ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಅದೇ ಹಣಕ್ಕೆ 12 × 15 ಇಂಚಿನ ಸರಸ್ವತಿ ಅಥವಾ ಗಜಲಕ್ಷ್ಮಿಯಲ್ಲಿ ಸಿಗುವ ಸೂಕ್ಷ್ಮ ಕೆಲಸ ಮೂರಡಿಯ ಪಟ್ಟಾಭಿಷೇಕದಲ್ಲಿ ಸಿಗದು; ಅಲ್ಲಿ ಹಿಂಬದಿಯ ಮುಖಗಳನ್ನು ಬೇಗ ಮುಗಿಸಿರುತ್ತಾರೆ.

ಫ್ರೇಮಿನ ಗಾಜು ಉಬ್ಬಿಗೆ ತಾಗಬಾರದು, ತಾಗಿದರೆ ಮಳೆಗಾಲದ ತೇವಕ್ಕೆ ರೇಕು ಗಾಜಿಗೆ ಅಂಟುತ್ತದೆ. ನಡುವೆ ಮೌಂಟ್ ಹಾಕಿಸಿ ಕಾಲು ಇಂಚು ಜಾಗ ಬಿಡಿಸಿ. ದೇವರಮನೆಯಲ್ಲಿ ತೂಗುಹಾಕುವುದಾದರೆ ದೀಪ, ಊದುಬತ್ತಿಗಳ ನೇರ ಮೇಲೆ ಬೇಡ. ಸೀಸದ ಸಫೇದ ಬಳಸಿದ ಚಿತ್ರವಾದರೆ ಉದುರಿದ ಪುಡಿ ವಿಷ. ಮಕ್ಕಳ ಕೈಗೆ ಎಟುಕದಂತೆ ಗಾಜು ಹಾಕಿಸಿಯೇ ಇಡಿ.