ವಿಲ್ಕಿನ್ಸನ್‌ನ ಟೂಲೋನ್ ಜೆರ್ಸಿ ನಮ್ಮ ಕಲಬುರಗಿಯಾಗೇ ಮಾಡಿಸ್ದೆ, ರಿವ್ಯೂ

ಸೂಪರ್ ಮಾರ್ಕೆಟ್ ಕಡೆ ಕ್ರಿಕೆಟ್, ಕಬಡ್ಡಿ ಟೀಮಿಗೆಲ್ಲ ಜೆರ್ಸಿ ಮಾಡಿಕೊಡೋ ಅಂಗಡಿ ಅವ ನೋಡ್ರಿ, ಅದ್ರಾಗ ಒಂದ್ರಾಗ ನಾನು ರಗ್ಬಿ ಜೆರ್ಸಿ ಮಾಡಿಸ್ದೆ, ಇಂಗ್ಲೆಂಡಿನ ರಗ್ಬಿ ಆಟಗಾರ ಜಾನಿ ವಿಲ್ಕಿನ್ಸನ್ ಹಾಕ್ತಿದ್ದ ಟೂಲೋನ್ ಕ್ಲಬ್ಬಿಂದು, ಕೆಂಪು ಕಪ್ಪು, ಬೆನ್ನ ಮ್ಯಾಲ 10. ಕೆಲಸ ಮಸ್ತ್ ಮಾಡ್ಯಾರ.

ಕೌಂಟರ್‌ನಾಗಿದ್ದ ಹುಡುಗ ಬಿಳಿ ಇಂಗ್ಲೆಂಡ್ ಜೆರ್ಸಿ ಆದ್ರ ಜಲ್ದಿ ಆಗ್ತದ್ರಿ ಅಂದ, ದೋಸ್ತರೂ ಅದೇ ಅಂದ್ರು, ಯಾಕಂದ್ರ ಎಲ್ಲಾರಿಗೂ ಗೊತ್ತಿರೋದು 2003ರ ರಗ್ಬಿ ವರ್ಲ್ಡ್ ಕಪ್ ಫೈನಲ್‌ನಾಗ ಅವ ಇಂಗ್ಲೆಂಡಿಗೆ ಹೊಡದ ಆ ಡ್ರಾಪ್ ಗೋಲ್ (ಚೆಂಡು ಕೈಯಿಂದ ನೆಲಕ್ಕ ಬಿಟ್ಟು, ಪುಟಿದಾಗ ಒದ್ದು ಹೊಡೆಯೋ ಗೋಲ್). ಖರೆ ಹೇಳ್ಬೇಕಂದ್ರ ಆ ಮನುಷ್ಯಾನ ದಮ್ ಕಾಣೋದು ಕ್ಲಬ್ ಆಟದಾಗ. 1997ರಾಗ ಸಾಲಿ ಮುಗಿಸಿ ಸೀದಾ ಇಂಗ್ಲೆಂಡಿನ ನ್ಯೂಕ್ಯಾಸಲ್ ಫಾಲ್ಕನ್ಸ್ ಕ್ಲಬ್ ಸೇರ್ದ, ಮರುವರ್ಷನೇ ಅವ್ರು ಲೀಗ್ ಗೆದ್ರು, 2009ರ ತನಕ ಅದೇ ಕ್ಲಬ್, ಬ್ಯಾರೆ ಕಡೆ ಹೋಗಿಲ್ಲ. ವರ್ಲ್ಡ್ ಕಪ್ ಆದಮ್ಯಾಲ ಕುತ್ತಿಗಿ, ತೋಳು, ಮೊಣಕಾಲು, ಕಿಡ್ನಿ ಅಂತ ಒಂದ್ರ ಮ್ಯಾಲ ಒಂದು ಪೆಟ್ಟು ಬಿದ್ದು ಇಂಗ್ಲೆಂಡ್ ಟೀಮಿಗೆ ಮತ್ತ ಬಂದದ್ದೇ 2007ಕ್ಕ. ಇವನ ಕಥಿ ಮುಗೀತು ಅನ್ನೋ ಟೈಮಿಗೆ ಫ್ರಾನ್ಸಿನ ಟೂಲೋನ್‌ಗೆ ಹೋದ, ಅಲ್ಲಿ 2013ರ ಹೈನಿಕೆನ್ ಕಪ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್) ಸೆಮಿಫೈನಲ್‌ನಾಗ ಸಾರಾಸೆನ್ಸ್ ಮ್ಯಾಲ ಟೀಮಿನ 24 ಪಾಯಿಂಟೂ ಇವನೊಬ್ಬಂದೇ! ಫೈನಲ್ ಡಬ್ಲಿನ್‌ನಾಗ ಕ್ಲೆರ್ಮಾಂಟ್ ಮ್ಯಾಲ 16-15. ಮುಂದಿನ ವರ್ಷ ಕಾರ್ಡಿಫ್‌ನಾಗ ಮತ್ತ ಅದೇ ಕಪ್, ಒಂದೇ ವಾರ ಬಿಟ್ಟು ಕ್ಯಾಸ್ಟ್ರ್ ಮ್ಯಾಲ 18-10 ಗೆದ್ದು ಫ್ರೆಂಚ್ ಲೀಗ್, ಆ ವಾರದಾಗೇ 35 ತುಂಬಿತ್ತು, ಅಲ್ಲಿಗೇ ಆಟ ಬಿಟ್ಟ. ಅದಕ್ಕ ನನಗ ಟೂಲೋನಿಂದೇ ಬೇಕಿತ್ತು.

ಈ ಜೆರ್ಸಿಯಾಗ ಕಠಿಣ ಇರೋದು ಎದಿ ಮ್ಯಾಲಿನ ಹೂವಿನ ಟೊಂಗಿ. ಫೆಲಿಕ್ಸ್ ಮಾಯೋಲ್ ಅಂತ ಆ ಊರಿನ ಹಾಡುಗಾರ ಕೋಟಿಗೆ ಸಿಗಿಸ್ಕೋತಿದ್ದ ಹೂವು ಅದು, ಅವ್ರ ಸ್ಟೇಡಿಯಮ್ಮಿಗೂ ಮಾಯೋಲ್ ಅಂತನೇ ಹೆಸರು. ಮೊದಲ ಸ್ಯಾಂಪಲ್‌ನಾಗ ಸಣ್ಣ ಸಣ್ಣ ಬಿಳಿ ಹೂವೆಲ್ಲ ಬೆಂದ ಸಾಬುದಾಣಿಗತ್ಲೆ ಒಂದಕ್ಕೊಂದು ಅಂಟಿ ಗಡ್ಡಿ ಆಗಿತ್ತು. ಕಂಪ್ಯೂಟರ್ ಮುಂದ ಕುಂತಿದ್ದ ಅಣ್ಣಾವ್ರು ತಕರಾರ್ ಮಾಡ್ಲಿಲ್ಲ, ಫೋಟೋ ದೊಡ್ಡದ್ ಮಾಡಿ ಒಂದೊಂದು ಹೂವೂ ಮೌಸ್‌ನಾಗ ಹೊಸದಾಗಿ ಗೆರಿ ಎಳದ್ರು, ಎಕ್ಸ್ಟ್ರಾ ರೊಕ್ಕನೂ ಕೇಳ್ಲಿಲ್ಲ. ಎರಡನೇ ಪ್ರಿಂಟ್‌ನಾಗ ಹೂವಿನ ಅಂಚು, ನಡುವಿನ ಹಸಿರು ದಂಟು ಎಲ್ಲಾ ಸಾಫ್ ಕಾಣ್ತದ.

ಬಟ್ಟಿ ವಿಷಯದಾಗ ಅವ್ರು ಮೊದಲು ಕ್ರಿಕೆಟ್‌ಗೆ ಹಾಕೋ ತೆಳ್ಳಂದು ತೋರಿಸ್ತಾರ, ಅದು ಬ್ಯಾಡ್ರಿ, ದಪ್ಪಂದು ಕೇಳ್ರಿ, ಭುಜಕ್ಕ ಡಬಲ್ ಹೊಲಿಗಿ ಹಾಕಸ್ರಿ. ಎನ್.ವಿ. ಗ್ರೌಂಡ್‌ನಾಗ ಹುಡುಗರು ಎಷ್ಟು ಜಗ್ಗಾಡಿದ್ರೂ ನಂದು ಬಿಚ್ಚಿಲ್ಲ, ತೊಳದ್ರ ಬಣ್ಣನೂ ಬಿಡಂಗಿಲ್ಲ. ಆದ್ರ ನಮ್ಮ ಬ್ಯಾಸಿಗಿ ಬಿಸಲಿಗೆ ಮಧ್ಯಾಹ್ನ ಹಾಕ್ಕೊಂಡು ಆಡೋದು ಆಗಂಗಿಲ್ಲ, ಸಂಜಿಗಾದ್ರ ಓಕೆ.

ಒಂದೇ ಪೀಸ್ ಆದ್ರ ರೇಟ್ ಜಾಸ್ತಿ, ಟೂರ್ನಮೆಂಟ್ ಸೀಸನ್‌ನಾಗ ಲೇಟೂ ಮಾಡ್ತಾರ, ಹೇಳಿದ್ದ ದಿನಕ್ಕ ನನಗ ಸಿಗಲಿಲ್ಲ. ಐದಕ್ಕ ನಾಲ್ಕು ಸ್ಟಾರ್ ಕೊಡ್ತೀನಿ, ಆ ಒಂದು ಸ್ಟಾರ್ ಲೇಟ್ ಮಾಡಿದ್ದಕ್ಕ ಹೋಯ್ತು.